ಹರಕೆ ಹುಂಜದ ಕಾಲು

ಉಚ್ಚಂಗೆಮ್ಮನ ಮನೆಯ ಹುಂಜಕ್ಕೆ ಇಡೀ ಬೀದಿಯೇ ಹೆದರುತ್ತಿತ್ತು. ಹಾಲಿನವನು ಬೀದಿಯಲ್ಲೇ ನಿಂತು ಕೂಗುತ್ತಿದ್ದ. ಪಕ್ಕದ ಮನೆಯವಳು ಒಣಗಿದ ಬಟ್ಟೆ ಎತ್ತಿಕೊಳ್ಳಲು ಬರುವಾಗಲೂ ಮೊಣಕಾಲಿಗೆ ಮೊರ ಅಡ್ಡ ಹಿಡಿದೇ ಬರುತ್ತಿದ್ದಳು. ಬೇರೆ ಯಾರ ಮನೆಯದಾಗಿದ್ದರೂ ಅದು ಸಾರಾಗಿ ಎರಡು ಅಮಾವಾಸ್ಯೆ ಕಳೆದಿರುತ್ತಿತ್ತು. ಆದರೆ ಇದು ಮಾರಮ್ಮನಿಗೆ ಬಿಟ್ಟ ಹರಕೆಯ ಹುಂಜ. ಹೊಡೆಯುವಂತಿಲ್ಲ, ಬೈಯುವಂತಿಲ್ಲ, ಮಾರುವಂತಿಲ್ಲ. ಯಾರೂ ಗದರದೆ ಬೆಳೆದ ಪ್ರಾಣಿಗೆ ಕೊಬ್ಬು ಬರದೆ ಇನ್ನೇನು ಬಂದೀತು? ಮನುಷ್ಯರ ಕಥೆಯೂ ಅಷ್ಟೇ ಅನ್ನಿ.

ಹರಕೆ ಹೊತ್ತದ್ದು ಮಗಳು ಗಂಗಲಕ್ಷ್ಮಿಗಾಗಿ. ಗಂಗಿ ಎರಡು ಸಲ ಬಸಿರಾಗಿದ್ದಳು, ಎರಡು ಸಲವೂ ಇಳಿದುಹೋಗಿತ್ತು. ಮೂರನೆಯದು ಮೂರು ತಿಂಗಳು ದಾಟಿದ ದಿನ ಉಚ್ಚಂಗೆಮ್ಮ ಒಂದು ಹುಂಜದ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಮಾರಮ್ಮನ ಗುಡಿಗೆ ಹೋಗಿ, ಕಾಲಿಗೆ ಅರಿಶಿನದ ದಾರ ಕಟ್ಟಿ ಬಂದಳು. ಕೂಸು ಕೈಗೆ ಬಂದ ಮೇಲೆ ಹುಂಜ ಅಮ್ಮನಿಗೆ. ಅಲ್ಲಿಯವರೆಗೆ ದಾರವನ್ನು ಯಾರೂ ಕೀಳುವಂತಿಲ್ಲ, ಹುಂಜಕ್ಕೆ ಊನವಾಗುವಂತಿಲ್ಲ. ಮನೆಗೆ ಬಂದವಳೇ, ಎರಡು ದಿನದ ಮಟ್ಟಿಗೆ ತವರಿಗೆ ಬಂದಿದ್ದ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು, "ಆ ದಾರ ಅದರ ಕಾಲಾಗೆ ಇರೋವರ್ಗೂ ನಿನ್ನ ಕೂಸಿಗೆ ಏನೂ ಆಗಲ್ಲ ಕಣೇ. ನಿಶ್ಚಿಂತೆಯಾಗಿರು" ಎಂದಿದ್ದಳು. ಗಂಗಿ ನಂಬಿದಳು. ಎರಡು ಸಲ ಕಳೆದುಕೊಂಡವಳಿಗೆ ನಂಬುವುದಕ್ಕೆ ಏನಾದರೂ ಒಂದು ಬೇಕಿತ್ತು.

ಉಚ್ಚಂಗೆಮ್ಮ ಮಾಡಿದ ತಪ್ಪು ಒಂದೇ, ಅದೂ ಪ್ರೀತಿ ಹೆಚ್ಚಾಗಿ ಮಾಡಿದ್ದು. ಹರಕೆಗೆ ಹತ್ತಿಯ ದಾರವನ್ನೇ ಕಟ್ಟಬೇಕೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರ ಮನೆಯಲ್ಲಿರುವುದು ಅದೇ, ಅದನ್ನೇ ಕಟ್ಟುತ್ತಾರೆ. ತಿಂಗಳೆರಡು ತಿಂಗಳಲ್ಲಿ ಅದು ಸವೆದು ತಾನಾಗಿ ಉದುರುತ್ತದೆ, ಆಮೇಲೆ ಹೊಸದು ಕಟ್ಟುತ್ತಾರೆ. ಆದರೆ ಉಚ್ಚಂಗೆಮ್ಮ ಮೊಳಕಾಲ್ಮೂರಿನವಳು, ಇಪ್ಪತ್ತೈದು ವರ್ಷದಿಂದ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ರೇಷ್ಮೆ ಸೀರೆ ನೇಯ್ದವಳು. ಊರವರ ಮದುವೆಗೆಲ್ಲ ರೇಷ್ಮೆ ನೇಯ್ದು ಕೊಟ್ಟವಳು ನನ್ನ ಮೊಮ್ಮಗುವಿನ ಹರಕೆಗೆ ಹತ್ತಿ ಕಟ್ಟಲೇ ಎಂದುಕೊಂಡು, ಮೂರೆಳೆ ರೇಷ್ಮೆಯನ್ನು ಬಿಗಿಯಾಗಿ ಹುರಿ ಮಾಡಿ, ಅರಿಶಿನದಲ್ಲಿ ಅದ್ದಿ ಕಟ್ಟಿದ್ದಳು. ಹುಂಜ ಬೆಳೆಯಿತು. ರೇಷ್ಮೆ ಸವೆಯಲಿಲ್ಲ.

ಆರು ತಿಂಗಳಾಯಿತು. ಗಂಗಿ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಅವಳಿಗೆ ಒಂಬತ್ತು ತುಂಬುತ್ತಿದ್ದಾಗ, ಒಂದು ಭಾನುವಾರ ಹುಂಜ ಎಡಗಾಲು ಎಳೆಯತೊಡಗಿತು. ಮಂಗಳವಾರದ ಹೊತ್ತಿಗೆ ಕಾಲು ನೆಲಕ್ಕೇ ಊರುತ್ತಿರಲಿಲ್ಲ. ಕುಂಟಾದ ಮೇಲೆ ಅದರ ಸಿಟ್ಟು ಇನ್ನೂ ಹೆಚ್ಚಾಯಿತು. ಒಂಟಿಗಾಲಲ್ಲಿ ಎಗರಿ ಬಂದು ಕಾಳು ಹಾಕುವ ಕೈಯನ್ನೇ ಕುಕ್ಕಿ ರಕ್ತ ಬರಿಸಿತು. ಕುಂಟು ಹುಂಜವನ್ನು ಅಮ್ಮ ಒಪ್ಪುವುದಿಲ್ಲ. ಹರಕೆ ಮುಟ್ಟದಿದ್ದರೆ? ಆ ಮಾತನ್ನು ಉಚ್ಚಂಗೆಮ್ಮ ಮನಸ್ಸಿನಲ್ಲಿಯೂ ಪೂರ್ತಿ ಮಾಡಲಿಲ್ಲ. ಮೂರು ದಿನ ಅವಳ ಕಣ್ಣೆಲ್ಲ ಹುಂಜದ ಕಾಲಿನ ಮೇಲೇ ಇತ್ತು. ಮಗಳು ಉಂಡಳೋ ಮಲಗಿದಳೋ ಅನ್ನುವುದರ ಕಡೆಗೂ ಗಮನವಿರಲಿಲ್ಲ.

ಬುಧವಾರ ಬೆಳಿಗ್ಗೆ ಅವಳು ಪಾತಣ್ಣನನ್ನು ಕರೆಸಿದಳು. ಪಾತಣ್ಣ ನನ್ನಿವಾಳದ ಕಡೆಯ ಕುರಿಗಾಹಿ, ಮಂದೆ ಹೊಡೆದುಕೊಂಡು ಬಂದು ಊರಾಚೆ ಬೀಡುಬಿಟ್ಟಿದ್ದ ಮುದುಕ. ಕುರಿಯ ಗೊರಸು, ಎತ್ತಿನ ಕಾಲು, ಮುರಿದ ಕೊಂಬು ಎಲ್ಲಕ್ಕೂ ಅವನ ಹತ್ತಿರ ಮದ್ದಿತ್ತು. ಬಂದವನು ಅಂಗಳಕ್ಕೆ ಕಾಲಿಡದೆ ಆಚೆ ಕಲ್ಲಿನ ಮೇಲೆ ಕೂತ.

"ನಾನು ಮುಟ್ಟಂಗಿಲ್ಲ, ಉಚ್ಚಂಗವ್ವ. ನಮ್ಮ ಹಟ್ಟಿಯಾಗೆ ಕೋಳಿ ಅನ್ನೋದು ಒಳಕ್ಕೇ ಬರಂಗಿಲ್ಲ. ನಾನು ಇಲ್ಲೇ ಕುಂತು ಹೇಳ್ತೀನಿ, ನೀನು ಮಾಡು."

"ಕುರಿಗೆ ಮಾಡೋ ಕೈ ಕೋಳಿಗೆ ಮಾಡಿದ್ರೆ ಸವೆದು ಹೋಗ್ತೈತಾ, ಪಾತಣ್ಣಾ?"

"ಕೈ ಸವೆಯಲ್ಲವ್ವ, ಕುಲ ಬಿಡಲ್ಲ. ಹಳೇ ಸೀರೆ ತಗಂಡ್ ಬಾ."

ಉಚ್ಚಂಗೆಮ್ಮ ಗಂಗಿಯನ್ನು ಒಳಗೆ ಮಲಗಲು ಹೇಳಿ ಬಾಗಿಲು ಮುಂದೆ ಮಾಡಿದಳು. ಹಳೇ ಸೀರೆ ಬೀಸಿದಳು. ಮೊದಲ ಸಲ ತಪ್ಪಿತು, ಎರಡನೇ ಸಲ ಹುಂಜ ಅವಳ ಮುಂಗೈಯನ್ನು ಮುಳ್ಳುಗಾಲಿನಿಂದ ಸೀಳಿತು, ಮೂರನೇ ಸಲ ಸಿಕ್ಕಿತು. ತಲೆಗೆ ಬಟ್ಟೆ ಮುಚ್ಚಿ ತೊಡೆಯ ಮೇಲೆ ಒತ್ತಿ ಹಿಡಿದಾಗ ಒಂದಿಷ್ಟು ಒದ್ದಾಡಿ ಸುಮ್ಮನಾಯಿತು. ಇಷ್ಟು ದಿನ ಬೀದಿಯನ್ನೇ ಹೆದರಿಸಿದ್ದು ಎತ್ತಿದರೆ ಒಂದು ಸೇರು ರಾಗಿಯಷ್ಟು ಹಗುರವಿತ್ತು. ನೋವಿಗೆ ಮೇವು ಬಿಟ್ಟಿತ್ತು ಪಾಪ.

"ಅಂಗಾಲು ನೋಡು. ಕಪ್ಪಗೆ ಹಕ್ಕಳೆ ಕಟ್ಟೈತಾ?"

"ಇಲ್ಲ. ಶುದ್ಧ ಐತೆ."

"ಮುಳ್ಳು ಮುರಿದಿರ್ಬೋದು, ಒತ್ತಿ ನೋಡು. ಬೆರಳು ಒಂದೊಂದಾಗಿ ಮಡಚು."

"ಮಡಚ್ತಾವೆ. ಆದ್ರೆ ತಣ್ಣಗವೆ, ಪಾತಣ್ಣಾ."

ಪಾತಣ್ಣ ಕೂತಲ್ಲೇ ಮುಂದಕ್ಕೆ ಬಾಗಿದ. "ತಣ್ಣಗವಾ? ಹಂಗಾದ್ರೆ ಮ್ಯಾಲೆ ಹೋಗು. ಎಲ್ಲಿ ಬಿಸಿ ಸಿಗ್ತೈತೋ ಅಲ್ಲಿ ನಿಲ್ಲು."

ಅವಳ ಬೆರಳು ಮೇಲೆ ಹೋಯಿತು. ಪುಕ್ಕ ಶುರುವಾಗುವ ಜಾಗದಲ್ಲಿ ಕಾಲು ಊದಿ ಸುಡುತ್ತಿತ್ತು. ಪುಕ್ಕ ಸರಿಸಿದಳು. ಸುತ್ತಲೂ ಕೊಯ್ದ ಹಾಗೆ ಒಂದು ಗೀರು, ಅದರೊಳಗೆ ಕೀವು. ಉಗುರಿನ ತುದಿಯಿಂದ ಗೀರನ್ನು ತಡವಿದಳು. ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ಗೊತ್ತಾಯಿತು. ಇಪ್ಪತ್ತೈದು ವರ್ಷದಲ್ಲಿ ಲೆಕ್ಕವಿಲ್ಲದಷ್ಟು ಸಲ ಆ ಬೆರಳಿನಡಿ ಹಾದುಹೋದ ನೂಲು ಅದು. ಮಾಂಸ ಅದನ್ನು ನುಂಗಿಕೊಂಡಿತ್ತು.

"ಪಾತಣ್ಣಾ, ದಾರ. ನಾನು ಕಟ್ಟಿದ್ದ ದಾರ."

"ಓರಿ ದೇವುಡಾ!" ಮುದುಕನಿಗೆ ಮನೆಯ ತೆಲುಗೇ ಬಾಯಿಗೆ ಬಂತು. "ಕತ್ತರ್ಸು. ಇವತ್ತೇ ಕತ್ತರ್ಸು. ಇನ್ನೆರಡು ದಿನ ಬಿಟ್ರೆ ಕಾಲು ಕೊಳೆತು ಬೀಳ್ತೈತೆ."

"ಹರಕೆ ದಾರ ಅದು! ಹೆಂಗೆ ಕತ್ತರ್ಸಲಿ?"

"ಹಂಗಾದ್ರೆ ಕುಂಟು ಹುಂಜ ಒಪ್ಪಿಸ್ತೀಯಾ ಅಮ್ಮಂಗೆ?"

ಕತ್ತರಿಸಿದರೆ ಹರಕೆ ಮುರಿಯುತ್ತದೆ, ಬಿಟ್ಟರೆ ಹರಕೆ ಕೊಳೆಯುತ್ತದೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ದಾರಿಯನ್ನು ಉಚ್ಚಂಗೆಮ್ಮ ಎಷ್ಟು ಹುಡುಕಿದರೂ ಸಿಗಲಿಲ್ಲ. ಗುಡಿಯಿದ್ದ ದಿಕ್ಕಿಗೆ ತಿರುಗಿ, "ಅವ್ವಾ ತಾಯಿ, ಈಗಿಂದೀಗಲೇ ಇನ್ನೊಂದು ಕಾಲಿಗೆ ಹೊಸದು ಕಟ್ತೀನಿ. ತಪ್ಪಿದ್ರೆ ನನ್ನ ಮ್ಯಾಲೆ ಹಾಕು, ಕೂಸಿನ ಮ್ಯಾಲೆ ಹಾಕ್ಬ್ಯಾಡ" ಎಂದಳು.

ಪಾತಣ್ಣ ಹೇಳಿದಂತೆ ಉಪ್ಪು ಹಾಕಿದ ಬೆಚ್ಚನೆ ನೀರಿನಲ್ಲಿ ಕಾಲನ್ನು ನೆನೆಸಿದಳು. ಗೀರು ಮೆತ್ತಗಾದ ಮೇಲೆ ಮಗ್ಗದ ಪುಟ್ಟ ಕತ್ತರಿಯ ತುದಿಯನ್ನು ಒಳಗೆ ತೂರಿಸಿ ಒಂದೊಂದೇ ಎಳೆಯನ್ನು ಕತ್ತರಿಸಿದಳು. ಮೂರನೆಯ ಎಳೆ ಕತ್ತರಿಸಿದಾಗ ಹುಂಜ ಮನುಷ್ಯರ ಹಾಗೆ ಕಿರುಚಿತು. ದಾರವನ್ನು ಮಾಂಸದಿಂದ ಸುಲಿದು ತೆಗೆಯಬೇಕಾಯಿತು. ಅದನ್ನು ಪಕ್ಕದ ಕಲ್ಲಿನ ಮೇಲಿಟ್ಟು, ಕೀವು ಒರೆಸಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಶಿನ ಮೆತ್ತಿ ಬಟ್ಟೆ ಸುತ್ತಿದಳು.

ಬಾಗಿಲ ಸದ್ದಾಯಿತು. ಹುಂಜದ ಕೂಗಿಗೆ ಎದ್ದುಬಂದ ಗಂಗಿ ಹೊಸ್ತಿಲಲ್ಲಿ ನಿಂತಿದ್ದಳು. ಕಲ್ಲಿನ ಮೇಲಿನ ದಾರವನ್ನು ನೋಡಿದಳು, ಅವ್ವನ ಕೈಯಲ್ಲಿನ ಕತ್ತರಿಯನ್ನು ನೋಡಿದಳು.

"ಅವ್ವಾ, ದಾರ ಕಿತ್ತೆಯಾ?"

"ಹೊಸದು ಕಟ್ತೀನಿ ಕಣೇ, ಈಗ್ಲೇ ಕಟ್ತೀನಿ."

ಗಂಗಿ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಸಿದಳು. "ಸೋಮವಾರದಿಂದ ಕೂಸು ಮಿಸುಕಾಡ್ತಿಲ್ಲವ್ವ. ಕಾಲಾಗೆ ದಾರ ಐತಲ್ಲ, ಏನಾಗಲ್ಲ ಅಂತ ಸುಮ್ಕಿದ್ದೆ. ನೀನೂ ಹುಂಜದ ಚಿಂತೇಲಿದ್ದೆ. ಈಗ ಏನವ್ವಾ ಗತಿ?"

ಉಚ್ಚಂಗೆಮ್ಮ ಹುಂಜವನ್ನು ಅಲ್ಲೇ ಬಿಟ್ಟು ಎದ್ದಳು. ಪಕ್ಕದ ಮನೆಯವರ ಕಾರಿನಲ್ಲಿ ಮಗಳನ್ನು ಚಳ್ಳಕೆರೆಗೆ ಕರೆದುಕೊಂಡು ಹೊರಟಳು. ದಾರಿಯಲ್ಲಿ ಸಿಗುವ ತಳಕು ದಾಟುವವರೆಗೂ ಮಗಳ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ಒಂದು ಸಲ ಏನೋ ಮಿಸುಕಿದಂತಾಯಿತು. ಅದು ರಸ್ತೆಯ ಕುಲುಕಾಟ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಬಹಳ ಹೊತ್ತು ತೆರೆಯನ್ನೇ ನೋಡಿದರು. ಆಮೇಲೆ ಉಚ್ಚಂಗೆಮ್ಮನನ್ನು ಹೊರಗೆ ಕರೆದು ಹೆಗಲ ಮೇಲೆ ಕೈಯಿಟ್ಟರು.

"ಮಗು ಹೋಗಿದೆಯಮ್ಮ. ಒಂದು ದಿನವಾದರೂ ಆಗಿರಬೇಕು. ಅಲುಗಾಟ ಕಮ್ಮಿಯಾದ ದಿನವೇ ಬಂದಿದ್ದರೆ ಉಳಿಸಿಕೊಳ್ಳಬಹುದಿತ್ತೋ ಏನೋ. ಯಾಕೆ ಸುಮ್ಮನಿದ್ದಳು?"

ಯಾಕೆ ಸುಮ್ಮನಿದ್ದಳು ಅನ್ನುವುದು ಉಚ್ಚಂಗೆಮ್ಮನೊಬ್ಬಳಿಗೇ ಗೊತ್ತಿತ್ತು. ದಾರ ಕತ್ತರಿಸುವ ಒಂದು ದಿನ ಮೊದಲೇ ಕೂಸು ಹೋಗಿತ್ತು. ದಾರವೇ ಇಲ್ಲದಿದ್ದರೆ ಮಗಳು ಸೋಮವಾರವೇ ಬಾಯಿ ಬಿಡುತ್ತಿದ್ದಳು.

ಮರುದಿನ ಬೆಳಿಗ್ಗೆ ಹೆರಿಗೆಯಾಯಿತು. ಗಂಡು. ತಲೆ ತುಂಬ ಕೂದಲಿತ್ತು. ಅಳಿಯ ಬಂದು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದ. ಮಧ್ಯಾಹ್ನ ಪಾತಣ್ಣ ಯಾರದೋ ಫೋನಿನಿಂದ ಮಾತಾಡಿದ. "ಹುಂಜ ಕಾಲು ಊರ್ತಾ ಐತೆ, ಉಚ್ಚಂಗವ್ವ. ಗುಣ ಆಗ್ತೈತೆ ಬಿಡು. ಮಗಳು ಹೆಂಗವ್ಳೆ?" ಅವಳು ಫೋನ್ ಇಟ್ಟಳು.

ಸಂಜೆ ಗಂಗಿ ಕಣ್ಣು ಬಿಟ್ಟಳು. ಅವ್ವನ ಕೈ ಹಿಡಿದುಕೊಂಡು ಸೂರು ನೋಡುತ್ತ ಕೇಳಿದಳು. "ಅವ್ವಾ, ಯಾಕೆ ಹಿಂಗಾತು? ನಾನು ಮೊದ್ಲೇ ಹೇಳ್ಬೇಕಿತ್ತಾ? ಹೇಳಿದ್ರೆ ಬದುಕ್ತಿತ್ತಾ? ಇಲ್ಲಾ, ನೀನು ದಾರ ಕಿತ್ತಿದ್ದಕ್ಕೆ ಹಿಂಗಾತಾ?"

ಡಾಕ್ಟರಮ್ಮನ ಮಾತು ಉಚ್ಚಂಗೆಮ್ಮನ ಬಾಯಿಯವರೆಗೂ ಬಂತು. ಅದನ್ನು ಹೇಳಿದರೆ ತಾನು ಪಾರಾಗುತ್ತಿದ್ದಳು, ಮಗಳು ಬದುಕಿರುವವರೆಗೂ ಸುಮ್ಮನಿದ್ದ ಆ ಎರಡು ದಿನವನ್ನು ಹೊತ್ತು ತಿರುಗುತ್ತಿದ್ದಳು. ಮಗಳ ಕೈ ತನ್ನ ಕೈಯಲ್ಲಿ ಬೆಚ್ಚಗಿತ್ತು. ಇನ್ನೊಂದು ಗಳಿಗೆ ಅದನ್ನು ಹಿಡಿದುಕೊಂಡಿದ್ದಳು.

"ನೀನು ಹೇಳಿದ್ರೂ ಏನೂ ಆಗ್ತಿರಲಿಲ್ಲ, ಮಗಳೇ. ದಾರ ಇರೋವರ್ಗೂ ಕೂಸು ಚೆನ್ನಾಗೇ ಇತ್ತು. ನಾನು ಕಿತ್ತೆ ನೋಡು, ಅದಕ್ಕೇ ಹಿಂಗಾತು."

ಗಂಗಿ ಕೈ ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು.

ಆಸ್ಪತ್ರೆಯಿಂದ ನೇರವಾಗಿ ಗಂಡನ ಮನೆಗೆ ಹೋದವಳು ತವರಿಗೆ ಬಂದಿಲ್ಲ, ಅವ್ವನ ಫೋನ್ ಎತ್ತುವುದಿಲ್ಲ. ಆ ಕಡೆಯಿಂದ ಬಂದವರನ್ನು ಉಚ್ಚಂಗೆಮ್ಮ ತಡೆದು ನಿಲ್ಲಿಸಿ ಮಗಳ ಸುದ್ದಿ ಕೇಳುತ್ತಾಳೆ. ಉಣ್ಣುತ್ತಾಳಂತೆ, ಹೊಲಕ್ಕೆ ಹೋಗುತ್ತಾಳಂತೆ, ಅವ್ವನ ಹೆಸರೆತ್ತಿದರೆ ಮಾತ್ರ ಎದ್ದು ಒಳಗೆ ಹೋಗುತ್ತಾಳಂತೆ. ಉಣ್ಣುತ್ತಾಳೆ ಅನ್ನುವುದನ್ನು ಉಚ್ಚಂಗೆಮ್ಮ ಎರಡೆರಡು ಸಲ ಕೇಳಿಸಿಕೊಂಡು ಮಗ್ಗಕ್ಕೆ ಇಳಿಯುತ್ತಾಳೆ.