ರಸ್ತೆಯಲ್ಲಿ ಉಳಿದ ಚಪ್ಪಲಿ

ಅಜ್ಜಂಪುರದ ವಿಶಾಲಾಕ್ಷಮ್ಮ ಟೀಚರು ಕಾರು ಹತ್ತುವ ಮುನ್ನ ಚಪ್ಪಲಿ ಬಿಡುವವರು. ಬಿಡುವುದೆಂದರೆ ಕಾರಿನೊಳಗಲ್ಲ, ಹೊರಗೆ, ರಸ್ತೆಯ ಮೇಲೆ, ಬಾಗಿಲಿನ ಬುಡದಲ್ಲಿ, ನೆಂಟರ ಮನೆಯ ಹೊಸ್ತಿಲ ಮುಂದೆ ಬಿಡುವಷ್ಟೇ ಶಿಸ್ತಾಗಿ ಎರಡನ್ನೂ ಜೋಡಿಸಿಟ್ಟು, ಬರಿಗಾಲಲ್ಲಿ ಒಳಗೆ ಕೂತು, ಬಾಗಿಲೆಳೆದುಕೊಂಡು, ಅವುಗಳ ನೆನಪೇ ಇಲ್ಲದೆ ಹೊರಟುಬಿಡುವುದು. ಹೀಗಾಗಿ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳಲ್ಲಿ ಅವರ ಚಪ್ಪಲಿ ಕಾಣದ ಊರು ಅಪರೂಪ. ಬೀರೂರಿನ ಪೆಟ್ರೋಲ್ ಬಂಕಿನಲ್ಲಿ ಒಂದು ಜೊತೆ, ಸಖರಾಯಪಟ್ಟಣದ ಹೋಟೆಲಿನ ಬೆಂಚಿನ ಕೆಳಗೆ ಒಂದು ಜೊತೆ, ಯಗಟಿಯ ಬಸ್ ನಿಲ್ದಾಣದ ಹೂವಿನವಳ ಬಳಿ ಒಂದು ಜೊತೆ, ಟೀಚರ್ ಬಂದಾಗ ಕೊಟ್ಟರಾಯಿತೆಂದು ಜನ ಎತ್ತಿಟ್ಟುಕೊಂಡಿರುತ್ತಾರೆ. ನಾನೊಮ್ಮೆ ಇದೇನು ವ್ರತವಮ್ಮಾ ಎಂದು ಛೇಡಿಸಿದ್ದಕ್ಕೆ ಅವರು ನಗಲಿಲ್ಲ. ಗಾಡಿ ಏನು ಹೇಳುತ್ತದೆಂಬುದು ಅಂಗಾಲಿಗೆ ತಿಳಿಯಬೇಕು, ನಡುವೆ ರಬ್ಬರಿದ್ದರೆ ತಿಳಿಯುವುದಿಲ್ಲ ಎಂದರು.

ಅವರ ಗಾಡಿ ಐವತ್ತೇಳು ವರ್ಷದ ಸ್ಟ್ಯಾಂಡರ್ಡ್ ಹೆರಾಲ್ಡ್. ಪಿಸ್ತಾ ಬಣ್ಣ, ಎರಡೇ ಬಾಗಿಲು. ಊರಿನ ಹೆಡ್‌ಮಾಸ್ಟರು ಸೈಕಲ್ ತುಳಿಯುತ್ತಿದ್ದ ಕಾಲದಲ್ಲಿ ಹೈಸ್ಕೂಲಿನ ಗಣಿತದ ಟೀಚರಾಗಿದ್ದ ಇವರು ಅದನ್ನು ಬೀರೂರಿನ ವೈದ್ಯರೊಬ್ಬರಿಂದ ಕೊಂಡು ತಾವೇ ನಡೆಸಿಕೊಂಡು ಬಂದದ್ದು ಆಗ ಸುತ್ತಲ ಹಳ್ಳಿಗಳಿಗೆಲ್ಲ ಸುದ್ದಿ. ಎಪ್ಪತ್ತೆರಡರ ಈ ವಯಸ್ಸಿನಲ್ಲೂ ಸೀರೆಯ ಮೇಲೆ ಶಾಲೆಯ ಪ್ರಯೋಗಶಾಲೆಯ ಬಿಳಿ ಕೋಟು ತೊಟ್ಟೇ ಅವರು ಸ್ಟೇರಿಂಗ್ ಹಿಡಿಯುವುದು. ಕೋಟಿನ ಜೇಬಿನಲ್ಲಿ ಸೀಮೆಸುಣ್ಣದ ತುಂಡು. ಗಾಳಿ ಹಾಕಿಸಿದ ತಾರೀಖನ್ನು ಟೈರಿನ ಮೇಲೆ ಬರೆದಿಡುತ್ತಾರೆ. ನಡಿಗೆಯಲ್ಲೂ ಗಾಡಿಯ ಗುಣವೇ: ಹಿಮ್ಮಡಿಯನ್ನು ಮೊದಲು ಊರಿ, ಬೆರಳುಗಳನ್ನು ನಿಧಾನವಾಗಿ ಇಳಿಸುವ, ಕ್ಲಚ್ ಬಿಡುವವರ ನಡಿಗೆ. ಮಾತಿನಲ್ಲಿ ಒಂದು ಪದ ಬಾರಿಬಾರಿಗೂ ಬರುತ್ತದೆ, ‘ಹಂಗಾಗಿ’. ಪ್ರಮೇಯವನ್ನು ಹಂತಹಂತವಾಗಿ ಬಿಡಿಸಿ ಕೊನೆಗೆ ಬರುವವರಂತೆ, ಮಳೆ ಬರುವ ಹಾಗಿದೆ, ಕೊಡೆ ತಂದಿಲ್ಲ, ಹಂಗಾಗಿ ಹೊರಡೋಣ ಎನ್ನುವರು. ಆ ಪದ ಬಂದಮೇಲೆ ಚರ್ಚೆ ಮುಗಿದಂತೆ.

ಅವರ ಅಂಗಾಲಿನ ವಿದ್ಯೆಯನ್ನು ನಾನು ಮೊದಲು ನಂಬಿರಲಿಲ್ಲ. ಒಮ್ಮೆ ಕಡೂರಿನ ಕೊಬ್ಬರಿ ವ್ಯಾಪಾರಿ ಹೊನ್ನೇಶನ ಹಳೆಯ ಜೀಪಿನಲ್ಲಿ ಹಿಂದೆ ಕೂತಿದ್ದವರು, ಪಾದವನ್ನು ತಗಡಿಗೆ ಒತ್ತಿ ಹಿಡಿದು, ಎಡಗಡೆಯ ಹಿಂದಿನ ಬೇರಿಂಗು ಹೋಗುತ್ತಿದೆ ಎಂದರು. ಹೊನ್ನೇಶ ನಂಬದೆ ತಲೆಯಾಡಿಸಿದ. ತರೀಕೆರೆಯ ಮೆಕ್ಯಾನಿಕ್ಕು ಚಕ್ರ ಬಿಚ್ಚಿ ನೋಡಿ, ಇನ್ನು ಹತ್ತು ಮೈಲಿ ಹೋಗಿದ್ದರೆ ದೇವರೇ ಗತಿ ಎಂದ. ಈ ಹೊನ್ನೇಶ ಅವರದೇ ಶಿಷ್ಯ. ಹತ್ತನೇ ತರಗತಿಯ ಕಿರುಪರೀಕ್ಷೆಯಲ್ಲಿ ಪಕ್ಕದವನದು ನೋಡಿ ಸರಿಯಾದ ಉತ್ತರವನ್ನೇ ಬರೆದಿದ್ದನಂತೆ, ನಡುವಿನ ಲೆಕ್ಕ ಮಾತ್ರ ತಪ್ಪು. ಟೀಚರು ಸೊನ್ನೆ ಕೊಟ್ಟರು. ಐವತ್ತು ದಾಟಿದ ಮೇಲೂ ಆ ಸೊನ್ನೆಯನ್ನು ಅವನು ಮರೆತಿಲ್ಲ.

ಹಳೆಯ ಗಾಡಿಗಳ ಬಳಗವನ್ನು ಕಟ್ಟಿದವನೂ ಅವನೇ. ಐದು ಗಾಡಿ, ವರ್ಷಕ್ಕೆರಡು ಪ್ರವಾಸ. ಗಾಡಿಯೇ ಇಲ್ಲದ, ಓಡಿಸಲೂ ಬಾರದ, ಕಾಲೇಜಿನಲ್ಲಿ ಕನ್ನಡ ಹೇಳಿ ನಿವೃತ್ತನಾದ ನಾನು ಅದಕ್ಕೆ ಹೇಗೆ ಸೇರಿದೆನೋ, ಬಹುಶಃ ಉಪ್ಪಿಟ್ಟಿನ ರುಚಿಗೆ. ಈ ಫೆಬ್ರವರಿಯಲ್ಲಿ ಶನಿವಾರ ಲಕ್ಕವಳ್ಳಿಗೆ ಹೋಗಿ ತಂಗಿ, ಭಾನುವಾರ ಭದ್ರಾ ಹಿನ್ನೀರಿನ ನಡುಗಡ್ಡೆಯನ್ನು ನೋಡಿ ಬರುವುದೆಂದು ತೀರ್ಮಾನವಾಯಿತು. ಹೊರಡುವ ಹಿಂದಿನ ದಿನ ಹೊನ್ನೇಶ ನನ್ನ ಮನೆಗೆ ಬಂದು, ಕಾಫಿ ಆರುವವರೆಗೂ ಲೋಟ ತಿರುಗಿಸುತ್ತ ಕೂತ. ಟೀಚರಿಗೆ ಕಿವಿ ಕೇಳಿಸುವುದು ಬಹಳ ಕಡಿಮೆಯಾಗಿದೆ, ಕಿವಿಯ ಯಂತ್ರವನ್ನು ಗಾಡಿಯ ಸದ್ದು ತಡೆಯಲಾರದೆ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ, ಅವರು ಇನ್ನು ಗಾಡಿ ನಡೆಸಬಹುದೇ ಎಂದು ಬಳಗದಲ್ಲಿ ಗುಸುಗುಸು ಎದ್ದಿದೆ ಎಂದ.

“ಅವ್ರ ಮುಂದೆ ನಿಂತು ಹೇಳೋದು ನನ್ನ ಕೈಲಾಗಲ್ಲ ಸಾರ್. ನೀವು ಪಕ್ಕದಲ್ಲಿ ಕೂತು ಬನ್ನಿ. ಕೇಳ್ಸುತ್ತೆ ಅಂದ್ರೆ ಕೇಳ್ಸುತ್ತೆ, ಇಲ್ಲ ಅಂದ್ರೆ ಇಲ್ಲ. ನಿಮ್ಮ ಮಾತೇ ಕೊನೆ.”

ಹೀಗೆ ಒಬ್ಬ ಹೆಂಗಸಿನ ನಲವತ್ತು ವರ್ಷದ ಸ್ಟೇರಿಂಗಿನ ಮೇಲೆ ತೀರ್ಪು ಹೇಳುವ ಕೆಲಸ, ಸೈಕಲ್ಲೂ ನೆಟ್ಟಗೆ ಬಾರದ ನನ್ನ ಕೊರಳಿಗೆ ಬಿತ್ತು. ನನಗೆ ನಾಚಿಕೆಯಾಯಿತು, ಆದರೂ ಒಪ್ಪಿಕೊಂಡೆ.

ಶನಿವಾರ ಬೆಳಿಗ್ಗೆ ಕಡೂರಿನ ರೈಲ್ವೆ ಸ್ಟೇಷನ್ನಿನ ಮುಂದೆ ಗಾಡಿಗಳು ಸಾಲುಗಟ್ಟಿದವು. ಮುಂದೆ ಹೊನ್ನೇಶನ ಜೀಪು. ಹೆರಾಲ್ಡಿನ ಬೆನ್ನಿಗೆ ಹೇಮಂತ್ ಮತ್ತು ಅವನ ಹೆಂಡತಿ ಸಂಗೀತಾಳ ಫಿಯಟ್. ಸಂಗೀತಾ ಕೂಡ ಟೀಚರ ಶಿಷ್ಯೆ, ಗಾಡಿ ಕಲಿತದ್ದೂ ಈ ಹೆರಾಲ್ಡಿನಲ್ಲೇ. ಟೀಚರು ಬಿಟ್ಟುಹೋದ ಚಪ್ಪಲಿಗಳನ್ನು ಹಿಂದಿನಿಂದ ಎತ್ತಿಕೊಂಡು ಬರುವುದು ಆ ದಂಪತಿಗಳಿಗೆ ಬಳಗ ವಹಿಸಿದ್ದ ಖಾಯಂ ಜವಾಬ್ದಾರಿ. ಅಂದೂ ಹಾಗೆಯೇ ಆಯಿತು. ಬೀರೂರು ದಾಟಿ ತರೀಕೆರೆಯ ದಾರಿ ಹಿಡಿದ ಮೇಲೆ ನಾನು ಪರೀಕ್ಷಕನ ಗತ್ತಿನಲ್ಲಿ ಅವರನ್ನೇ ಗಮನಿಸುತ್ತ ಕೂತೆ. ಏನು ಹೇಳಲಿ! ಗುಂಡಿ ಕಾಣುವ ಮೊದಲೇ ವೇಗ ಇಳಿದಿರುತ್ತಿತ್ತು, ಗೇರು ಬದಲಾದದ್ದು ನನ್ನ ಮೈಗೆ ಗೊತ್ತಾಗುತ್ತಿರಲಿಲ್ಲ. ಕುರಿಮಂದೆಯೊಂದು ಅಡ್ಡ ಬಂದಾಗ ಹಾರ್ನನ್ನು ಮುಟ್ಟದೆ, ಕೊನೆಯ ಮರಿ ದಾಟುವವರೆಗೂ ಕಾದು, ಕುರಿಯವನಿಗೆ ತಲೆಬಾಗಿ ಮುಂದೆ ಹೋದರು. ಅಂಥ ಚಾಲಕರ ಪಕ್ಕದಲ್ಲಿ ಕೂರುವುದೇ ಒಂದು ಭಾಗ್ಯ ಎನ್ನಿಸಿತು.

ಭಾನುವಾರ ಬೆಳಿಗ್ಗೆ ದೋಣಿಯಲ್ಲಿ ಹೋದೆವು. ಹಕ್ಕಿಗಳು ಗೂಡು ಕಟ್ಟುವ ಕಾಲವಾದ್ದರಿಂದ ನಡುಗಡ್ಡೆಯಲ್ಲಿ ಇಳಿಯುವಂತಿರಲಿಲ್ಲ. ದೋಣಿಯವನು ದೂರದಲ್ಲೇ ಯಂತ್ರ ನಿಲ್ಲಿಸಿದ. ನೀಲ ಜಲರಾಶಿಯ ನಡುವೆ ಬೋಳು ಬಂಡೆಯ ಒಂದು ದಿಬ್ಬ, ಅದರ ಮೇಲೆ ಕರಿನೆತ್ತಿಯ ಬಿಳಿ ರೀವ ಹಕ್ಕಿಗಳು ಸಾವಿರಾರು, ಕೂತವು, ಎದ್ದವು, ನೀರಿಗೆ ಎರಗಿದವು. ಅವುಗಳ ಕಿರುಚಾಟ ಎಷ್ಟಿತ್ತೆಂದರೆ ಹೊನ್ನೇಶ ಎರಡೂ ಕಿವಿ ಮುಚ್ಚಿಕೊಂಡ. ವಿಶಾಲಾಕ್ಷಮ್ಮನವರು ಕಣ್ಣು ಮಿಟುಕಿಸದೆ ನೋಡುತ್ತಿದ್ದು, ಬಹಳ ಹೊತ್ತಿನ ಮೇಲೆ ನನ್ನ ಕಡೆ ವಾಲಿದರು.

“ಮೇಷ್ಟ್ರೇ, ಇವು ಕೂಗ್ತಾವಾ? ಕೊಕ್ಕು ತೆರೆಯೋದು ಕಾಣ್ತೈತೆ.”

ಕೂಗುತ್ತವೆ ಎಂದು ತಲೆಯಾಡಿಸಿದೆ. ಹೇಗೆ ಕೂಗುತ್ತವೆ ಎಂದು ಮತ್ತೆ ಕೇಳಿದರು. ಕನ್ನಡ ಪಾಠ ಹೇಳಿ ಬದುಕಿದವನಿಗೆ ಒಂದು ಹಕ್ಕಿಯ ದನಿಯನ್ನು ವರ್ಣಿಸಲು ಪದ ಸಿಗಲಿಲ್ಲ. ಅವರು ಬಿಡಿ ಎಂಬಂತೆ ನನ್ನ ಕೈ ತಟ್ಟಿ ಮತ್ತೆ ಹಕ್ಕಿಗಳ ಕಡೆ ತಿರುಗಿದರು.

ದಡಕ್ಕೆ ಬಂದಕೂಡಲೇ ಹೊನ್ನೇಶ ನನ್ನನ್ನು ಪಕ್ಕಕ್ಕೆ ಕರೆದ. ಸತ್ಯ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅತ್ತ ಆಕೆ ಕೋಟಿನ ತೋಳು ಮಡಚಿ ಹೆರಾಲ್ಡಿನ ಗಾಜನ್ನು ಒರೆಸುತ್ತಿದ್ದ ಪರಿಯನ್ನು ನೋಡಿ, ಪರವಾಗಿಲ್ಲಪ್ಪ, ಕೇಳಿಸುತ್ತದೆ ಎಂದುಬಿಟ್ಟೆ. ಹೊನ್ನೇಶನ ಮುಖ ಅರಳಿತು. ಸುಳ್ಳು ಹೇಳಿದ್ದಕ್ಕೆ ಆ ಗಳಿಗೆಯಲ್ಲಿ ನನಗೆ ಹೆಮ್ಮೆಯೇ ಆಯಿತೆಂದರೆ ನಂಬುತ್ತೀರಾ?

ಊಟ ಮುಗಿಸಿ ಹೊರಟೆವು. ರಾತ್ರಿಯ ಹಾಸಿಗೆ ಸುರುಳಿಗಳನ್ನು ಹಿಂದಿನ ಸೀಟಿನ ಮೇಲೆ ಮಾಡಿನವರೆಗೆ ಪೇರಿಸಿದವನು ನಾನೇ. ಅದರಿಂದ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುವುದಿಲ್ಲವೆಂಬುದು ನನಗೆ ಹೊಳೆಯಲಿಲ್ಲ, ಗಾಡಿಯ ವಿಷಯದಲ್ಲಿ ಒಂದು ದಿನವೂ ಏನನ್ನೂ ಮರೆಯದ ಆಕೆಯೂ ಅಂದು ನೋಡಲಿಲ್ಲ. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಗದ್ದೆ, ನಡುವೆ ಕಿರಿದಾದ ರಸ್ತೆ. ಕಾವಲಿಗೆ ಕೂತ ನಾನು ಗಾಳಿಗೆ ನಿದ್ದೆ ಹೋದೆ. ಎಚ್ಚರವಾದದ್ದು ಸೈರನ್ನಿನ ಸದ್ದಿಗೆ. ತಿರುಗಿ ಹಾಸಿಗೆಯ ಸಂದಿಯಲ್ಲಿ ನೋಡಿದರೆ, ಬೆನ್ನಿಗೇ ಆಂಬುಲೆನ್ಸ್. ಆಕೆಯ ಭುಜ ಹಿಡಿದು ಅಲುಗಿಸಿ ಹಿಂದಕ್ಕೆ ಕೈ ತೋರಿಸಿದೆ. ಕ್ಷಣದಲ್ಲಿ ಗಾಡಿಯನ್ನು ಎಡದ ಮಣ್ಣಿಗಿಳಿಸಿ ನಿಲ್ಲಿಸಿದರು. ಆಂಬುಲೆನ್ಸಿನವನು ಪಕ್ಕದಲ್ಲಿ ಹಾಯುವಾಗ ತಲೆ ಹೊರಹಾಕಿ ಏನೋ ಕೂಗಿ ಹೋದ.

ಅವರು ಜೇಬಿನಿಂದ ಕಿವಿಯ ಯಂತ್ರ ತೆಗೆದು ಹಾಕಿಕೊಂಡು, ಏನೆಂದ ಎಂದು ಕೇಳಿದರು. ಏನಿಲ್ಲ, ಥ್ಯಾಂಕ್ಸ್ ಎಂದ ಎಂದೆ.

“ಮೂವತ್ತಾರು ವರ್ಷ ಮಕ್ಕಳ ಮುಖ ನೋಡೇ ಸುಳ್ಳು ಹಿಡ್ದಿದೀನಿ ಮೇಷ್ಟ್ರೇ. ಸರಿಯಾಗಿ ಹೇಳಿ.”

ಹೇಳಿದೆ. ಎರಡು ಮೈಲಿಯಿಂದ ಹಾರ್ನ್ ಹೊಡೆಯುತ್ತಿದ್ದೇನೆ, ಒಳಗೆ ಬಸುರಿ ನೋವು ತಿನ್ನುತ್ತಿದ್ದಾಳೆ, ಕಿವಿ ಕೇಳಿಸುವುದಿಲ್ಲವೇ ಎಂದಿದ್ದ.

ತಪ್ಪು ನನ್ನದು, ಹಾಸಿಗೆ ಪೇರಿಸಿದ್ದು ನಾನು, ನಿದ್ದೆ ಮಾಡಿದ್ದು ನಾನು ಎಂದು ಬಡಬಡಿಸಿದೆ. ಅವರು ಕೀಲಿ ತಿರುಗಿಸಿ ಎಂಜಿನ್ ಆರಿಸಿದರು.

“ಹೊನ್ನೇಶ ನಿಮ್ಮನ್ನ ನನ್ನ ಪಕ್ಕ ಯಾಕೆ ಕೂರ್ಸಿದ ಅಂತ ನಂಗೆ ಗೊತ್ತು. ಅವನಿಗೆ ಹೇಳೋ ಕಷ್ಟ ನಿಮಗೆ ಬೇಡ. ಆಂಬುಲೆನ್ಸಿನವ್ನು ಹಾರ್ನ್ ಹೊಡ್ದ, ನಂಗೆ ಕೇಳಿಸ್ಲಿಲ್ಲ. ಹಂಗಾಗಿ ಇಳೀತೀನಿ.”

ಅಷ್ಟರಲ್ಲಿ ಫಿಯಟ್ ಬಂದು ನಿಂತಿತು. ಟೀಚರು ಬರಿಗಾಲಲ್ಲೇ ಇಳಿದು ಕೀಲಿಯನ್ನು ಸಂಗೀತಾಳ ಕೈಗಿಟ್ಟರು. ಆ ಹುಡುಗಿಗೆ ಅಳುವೇ ಬಂತು. ಊರು ತಲುಪುವವರೆಗಾದರೂ ನೀವೇ ಬಿಡಿ ಟೀಚರ್, ನಾವು ಹಿಂದೆಯೇ ಇರುತ್ತೇವೆ ಎಂದಳು. “ಹಿಂದೆ ಇರೋರು ಹಾರ್ನ್ ಹೊಡೆದ್ರೆ ನಂಗೆ ಕೇಳಿಸ್ಬೇಕಲ್ಲಮ್ಮ,” ಎಂದರು ಟೀಚರು. ಹೇಮಂತ್ ದಡದಲ್ಲಿ ಎತ್ತಿಕೊಂಡಿದ್ದ ಚಪ್ಪಲಿಗಳನ್ನು ತಂದು ಮುಂದಿಟ್ಟ. ಅವರು ಅವನ್ನು ಮೆಟ್ಟಿ, ಗಾಡಿಯ ಮುಂಭಾಗವನ್ನು ಸುತ್ತಿಕೊಂಡು, ಎಡಗಡೆಯ ಬಾಗಿಲು ತೆಗೆದು ಕೂತರು. ಆ ಹೆರಾಲ್ಡಿನೊಳಗೆ ಅವರ ಕಾಲಲ್ಲಿ ಚಪ್ಪಲಿ ಕಂಡದ್ದು ಅದೇ ಮೊದಲು. ನಾನು ಫಿಯಟ್ಟಿಗೆ ಹೋದೆ.

ತರೀಕೆರೆಯಲ್ಲಿ ಟೀಚರು ಗಾಡಿಯನ್ನು ಆಸ್ಪತ್ರೆಯತ್ತ ತಿರುಗಿಸಲು ಹೇಳಿದರು. ಹೆಣ್ಣು ಮಗು ಹುಟ್ಟಿತ್ತು. ತಾಯಿ ಮಗು ಇಬ್ಬರೂ ಕ್ಷೇಮ. ಟೀಚರು ಗೇಟಿನ ಬಳಿ ಟೀ ಕುಡಿಯುತ್ತಿದ್ದ ಆಂಬುಲೆನ್ಸಿನವನನ್ನು ಹುಡುಕಿಕೊಂಡು ಹೋಗಿ, ತಪ್ಪು ನನ್ನದೇ ಕಣಪ್ಪ ಎಂದು ಕೈ ಮುಗಿದರು. ಅವನು ಗಾಬರಿಯಾಗಿ ಎದ್ದು ನಿಂತ. ವಿಷಯ ತಿಳಿದು ಓಡಿಬಂದಿದ್ದ ಹೊನ್ನೇಶ, ಎಲ್ಲ ಒಳ್ಳೆಯದೇ ಆಯಿತಲ್ಲ ಟೀಚರ್, ಕೀಲಿ ಇಸಿದುಕೊಳ್ಳಿ, ಕನ್ನಡಿ ಸರಿಪಡಿಸೋಣ ಎಂದು ಗೋಗರೆದ.

“ಉತ್ತರ ಸರಿ ಬಂತು ಅಂತ ಲೆಕ್ಕ ಸರಿಯಾಗಲ್ಲ ಕಣೋ ಹೊನ್ನೇಶ. ನಿಂಗೆ ಅವತ್ತೇ ಹೇಳಿದ್ನಲ್ಲ.”

ಐವತ್ತು ದಾಟಿದ ಗಂಡಸು ಆಸ್ಪತ್ರೆಯ ಗೇಟಿನಲ್ಲಿ ಕಣ್ಣೊರೆಸಿಕೊಂಡ. ಹೊರಡುವಾಗ ಸಂಗೀತಾ ಬಾಗಿಲು ತೆಗೆದವಳು ಒಂದು ಗಳಿಗೆ ತಡೆದಳು. ಕಾಲುವೆಯಿಂದ ಅಲ್ಲಿಯವರೆಗೆ ಗಾಡಿ ಮೂರು ಸಲ ಜಗ್ಗಿತ್ತು. ಯಾರೂ ಹೇಳದೆಯೇ ತನ್ನ ಚಪ್ಪಲಿ ಕಳಚಿ, ರಸ್ತೆಯ ಮೇಲೆ ಜೋಡಿಸಿ, ಒಳಗೆ ಕೂತಳು. ಹೆರಾಲ್ಡು ಒಂದಿಷ್ಟೂ ಜಗ್ಗದೆ ಹೊರಟುಹೋಯಿತು. ಚಪ್ಪಲಿ ಅಲ್ಲೇ ಉಳಿದವು. ಹೇಮಂತ್ ಇಳಿದು ಎತ್ತಿಕೊಂಡ.

ನಮ್ಮ ತಪ್ಪುಗಳನ್ನು ಹಿಡಿಯುವವರು ಲೋಕದಲ್ಲಿ ಬೇಕಾದಷ್ಟು ಜನ. ಪ್ರೀತಿಯಿಂದ ಅವನ್ನು ಮುಚ್ಚಿಹಾಕುವ ನನ್ನಂಥವರೂ ಕಡಿಮೆಯಿಲ್ಲ, ಮತ್ತು ನಾವು ಮಾಡುವ ಅಪಾಯವೂ ಕಡಿಮೆಯದಲ್ಲ. ಈ ಎರಡು ಬಗೆಯವರ ನಡುವೆ ಎಲ್ಲೋ ಒಬ್ಬೊಬ್ಬರು ಸಿಗುತ್ತಾರೆ: ತಮ್ಮ ಉತ್ತರಪತ್ರಿಕೆಯನ್ನು ತಾವೇ ಮುಂದಿಟ್ಟುಕೊಂಡು, ಇತರರಿಗೆ ಹಿಡಿದ ಅದೇ ಕೆಂಪು ಪೆನ್ನು ಹಿಡಿದು, ಅರ್ಧ ಅಂಕವನ್ನೂ ಕೃಪೆಯೆಂದು ಹಾಕಿಕೊಳ್ಳದೆ ತಿದ್ದುವವರು. ಅವರು ಕೇಳಿಸಿಕೊಳ್ಳುವುದು ಕಿವಿಯಿಂದಲ್ಲ. ಎರಡೂ ಕಿವಿ ನೆಟ್ಟಗಿದ್ದ ನಾನು ಆ ರಸ್ತೆಯಲ್ಲಿ ನಿದ್ದೆ ಮಾಡುತ್ತಿದ್ದೆ.