ಕೂತು ಮಾಡುವ ಕೆಲಸ

ನನ್ನದು ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಕೆಲಸ. ಅಲ್ಲಿ ಕುರ್ಚಿ ಇಲ್ಲ. ಮನೆಯಲ್ಲಿ ಬೇಕಾದಷ್ಟು ಕುರ್ಚಿಗಳಿವೆ, ಆದರೆ ನಾನು ಕೂತ ಗಳಿಗೆಗೇ ಯಾರದ್ದಾದರೂ ಏನಾದರೂ ಕಳೆದುಹೋಗಿರುತ್ತದೆ. ಮಗನ ಸಾಕ್ಸು, ಮಗಳ ಪೆನ್ಸಿಲು, ಅತ್ತೆಯ ಕನ್ನಡಕ. ಕನ್ನಡಕ ಅತ್ತೆಯ ತಲೆಯ ಮೇಲೆಯೇ ಇರುತ್ತದೆ; ಅದನ್ನು ಹೇಳುವುದಕ್ಕೂ ನಾನೇ ಎದ್ದು ಹೋಗಬೇಕು.

ಉಳಿದ ಒಂದು ಭಾನುವಾರವನ್ನು ಹಿತ್ತಿಲು ನುಂಗುತ್ತಿತ್ತು. ಮನೆ ಅಂಗೈಯಷ್ಟು, ಹಿತ್ತಿಲು ಮೈದಾನದಷ್ಟು. ತುದಿಯಲ್ಲಿ ಚರಂಡಿಯತ್ತ ಇಳಿಜಾರು ಬೇರೆ. ಹುಲ್ಲು ಬೆಳೆದರೆ ಹಾವು ಬರುತ್ತದೆಂದು ಅತ್ತೆಗೆ ಭಯ. ನಮ್ಮ ಯಜಮಾನರು ಸಿಟಿ ಬಸ್ಸಿನ ಡ್ರೈವರು, ಇವರಿಗೆ ಭಾನುವಾರವೂ ಡ್ಯೂಟಿ. ಹಾಗಾಗಿ ಹುಲ್ಲು ಕತ್ತರಿಸುವ ತಳ್ಳು ಮಷೀನಿಗೆ ನಾನೇ ಎತ್ತು. ಈ ಸಲ ಸೊಂಟ ಹಿಡಿದುಕೊಂಡು ಹುಲ್ಲಿನ ನಡುವೆಯೇ ಬಗ್ಗಿ ನಿಂತವಳನ್ನು ಮಕ್ಕಳು ಎಳೆದು ತಂದರು. ಇನ್ನು ತಳ್ಳಕೂಡದು ಎಂದರು ಡಾಕ್ಟರು.

“ಕೂತ್ಕೊಂಡು ಓಡಿಸೋ ಮಷೀನೇ ತಗೊಳ್ಳೋಣ” ಎಂದರು ಇವರು.

“ಹುಲ್ಲು ಕತ್ತರಿಸೋಕೂ ಸಿಂಹಾಸನ ಬೇಕಾಯ್ತಾ?” ಎಂದರು ಅತ್ತೆ.

“ಹೂಂ ಕಣಮ್ಮ, ನೀನು ಚಾಮರ ಹಿಡ್ಕೊಂಡು ಹಿಂದೆ ಓಡು.”

ಅಂಗಡಿಯಲ್ಲಿ ಇವರು ನೇರ ಎಲ್ಲಕ್ಕಿಂತ ದೊಡ್ಡ ಮಷೀನಿನ ಹತ್ತಿರ ಹೋದರು. ಹಿತ್ತಿಲಿನ ಉದ್ದ, ಅಗಲ, ಇಳಿಜಾರು, ಮರ ಮರದ ನಡುವಿನ ಜಾಗ, ಎಲ್ಲವನ್ನೂ ಅಳೆದುಕೊಂಡು ಬಂದಿದ್ದರು.

“ಇದಾದ್ರೆ ನಾಲ್ಕೇ ಸುತ್ತು ಕಣೇ. ಬೇಗ ಮುಗಿಸಿ ಒಳಗೆ ಬಂದ್ಬಿಡ್ಬಹುದು.”

ಒಳಗೆ ಏನು ಕಾದಿರುತ್ತದೆಂದು ನನಗೆ ಗೊತ್ತಿತ್ತು.

“ಹಿತ್ತಿಲಿಗೆ ದಾರಿ ಹೇಗೆ ಸಾರ್?” ಎಂದ ಅಂಗಡಿಯವ.

“ಮನೆಗೂ ಶೆಡ್ಡಿಗೂ ನಡುವೆ ಒಂದು ಸಂದಿ.”

“ಅಗಲ ಎಷ್ಟಿದೆ?”

“ಅಗಲ ಏನ್ರೀ ಅಗಲ! ಮಾರ್ಕೆಟ್ ರಸ್ತೇಲಿ ಬಸ್ಸನ್ನೇ ತೂರಿಸ್ತೀನಿ, ಇದ್ಯಾವ ಲೆಕ್ಕ?”

ಸಂದಿಯನ್ನು ಅಳೆಯುವುದೆಂದರೆ ಡ್ರೈವರಿಗೆ ಅವಮಾನ. ಹಗ್ಗಕ್ಕೆ ಬಟ್ಟೆ ಹಾಕಲು ಆ ಸಂದಿಯಲ್ಲಿ ದಿನಾ ಓಡಾಡುವವಳು ನಾನು.

“ಬಟ್ಟೆ ಬುಟ್ಟಿ ಹಿಡ್ಕೊಂಡು ಹೋದ್ರೆ ನನ್ನ ಎರಡೂ ಮೊಣಕೈ ತರಚುತ್ತೆ” ಎಂದು, ಬುಟ್ಟಿ ಹಿಡಿದಂತೆ ಕೈ ಅಗಲಿಸಿ ತೋರಿಸಿದೆ.

ಅಂಗಡಿಯವ ನನ್ನ ಮೊಣಕೈಯಿಂದ ಮೊಣಕೈಗೆ ಟೇಪು ಹಿಡಿದ. ಅದೇ ಟೇಪನ್ನು ದೊಡ್ಡ ಮಷೀನಿಗೆ ಅಡ್ಡ ಹಿಡಿದ, ಆಗಲ್ಲವೆಂದು ತಲೆಯಾಡಿಸಿದ. ಅದರ ಪಕ್ಕದ್ದಕ್ಕೂ ಹಿಡಿದ. ಕೊನೆಗೆ ಉಳಿದದ್ದು ಮೂಲೆಯಲ್ಲಿದ್ದ ಪುಟ್ಟದೊಂದು.

“ಆಮೆ ಇದು” ಎಂದರು ಇವರು. “ಮಧ್ಯಾಹ್ನ ಪೂರ್ತಿ ಬೇಕು. ಶೆಡ್ ಕೆಡವಿಬಿಡೋಣ, ದೊಡ್ಡದೇ ತಗೊಳ್ಳೋಣ. ನಿನಗೇ ಟೈಮ್ ಉಳಿಯೋದು.”

“ನಿಧಾನ ನಿಜ ಸಾರ್” ಎಂದ ಅಂಗಡಿಯವ. ನನ್ನತ್ತ ತಿರುಗಿ, “ಇಳಿಜಾರಲ್ಲಿ ಅಡ್ಡ ಓಡಿಸ್ಬೇಡಿ ಮೇಡಂ, ಮೇಲಿಂದ ಕೆಳಗೆ ಓಡಿಸಿ. ಇನ್ನೊಂದು, ಬ್ಲೇಡ್ ತಿರುಗ್ತಿದ್ದಾಗ ಸೀಟಿಂದ ಎದ್ರೆ ಇಂಜಿನ್ ಆಫ್ ಆಗ್ಬಿಡುತ್ತೆ. ಸೇಫ್ಟಿಗೆ.”

“ಎದ್ರೆ ನಿಂತುಹೋಗುತ್ತಾ?”

“ತಕ್ಷಣ. ಕೂತೇ ಇರ್ಬೇಕು.”

ಇನ್ನೊಮ್ಮೆ ಹೇಳಿಸಿಕೊಂಡೆ. ನಾನು ಕೂತರೆ ನಿಂತುಹೋಗುವ ಕೆಲಸಗಳನ್ನೇ ಇಷ್ಟು ವರ್ಷ ನೋಡಿದ್ದೆ.

“ಶೆಡ್ ಇರ್ಲಿ ರೀ” ಎಂದೆ. “ಇದೇ ಸಾಕು.”

ಭಾನುವಾರ ಸದ್ದು ತಡೆಯಲು ಕಿವಿಗೆ ಮುಚ್ಚಳ ಹಾಕಿಕೊಂಡು ಶುರುಮಾಡಿದೆ. ಎರಡು ಸಾಲು ಮುಗಿಯುವಷ್ಟರಲ್ಲಿ ಅಡುಗೆಮನೆಯ ಕಿಟಕಿಯಲ್ಲಿ ಅತ್ತೆಯ ಬಾಯಿ ತೆರೆದು ಮುಚ್ಚುವುದು ಕಂಡಿತು. ಅಭ್ಯಾಸಬಲ, ಅರ್ಧ ಎದ್ದೆ. ಇಂಜಿನ್ ಆಫ್ ಆಯಿತು. ಕಿವಿಯ ಮುಚ್ಚಳ ಸರಿಸಿದೆ.

“ಕನ್ನಡಕ ಎಲ್ಲಿಟ್ಟೆ ಮಾರಾಯ್ತಿ?”

“ಬರಕ್ಕಾಗಲ್ಲ ಅತ್ತೆ! ಎದ್ರೆ ನಿಂತುಹೋಗುತ್ತೆ!”

“ಏನು, ಉಸಿರಾ?”

“ಮಷೀನು!”

ಸೀಟಿಗೆ ಮರಳಿ ಇಂಜಿನ್ ಶುರುಮಾಡಿ, ನನ್ನ ತಲೆಯನ್ನು ನಾನೇ ಮುಟ್ಟಿ ತೋರಿಸಿದೆ. ಅತ್ತೆ ತಮ್ಮ ತಲೆ ತಡವಿದರು, ಕನ್ನಡಕ ಇಳಿಸಿ ಹಾಕಿಕೊಂಡರು, ಅದರಲ್ಲೇ ನನ್ನನ್ನು ಒಮ್ಮೆ ನುಂಗುವಂತೆ ನೋಡಿ ಒಳಗೆ ಹೋದರು. ಆಮೇಲೆ ಮಗ ಒಂಟಿ ಸಾಕ್ಸು ಹಿಡಿದು ಬಂದ. ಸೀಟು ತೋರಿಸಿದೆ. ತಿರುಗಿ ಒಳಗೆ ಹೋದ. ಮತ್ತೆ ಕಂಡಾಗ ಎರಡೂ ಕಾಲಲ್ಲಿ ಸಾಕ್ಸು ಇತ್ತು, ಬಣ್ಣ ಬೇರೆ ಬೇರೆ.

ಇವರು ಖಾಕಿ ಬಟ್ಟೆಯಲ್ಲೇ ಹಿತ್ತಿಲಿಗೆ ಬಂದಾಗ ಬಿಸಿಲು ಇಳಿದಿತ್ತು. ಹುಲ್ಲು ಎಂದೋ ಮುಗಿದಿತ್ತು. ಕತ್ತರಿಸಿದ್ದನ್ನೇ ನಾನು ಮತ್ತೆ ಕತ್ತರಿಸುತ್ತಿದ್ದೆ. ಇವರು ಚಕ್ರದ ಗುರುತುಗಳನ್ನು ನೋಡಿದರು, ನನ್ನನ್ನು ನೋಡಿದರು. ಡಿಪೋದಲ್ಲಿ ಕೇಳುವ ಹಾಗೆ ಬೆರಳನ್ನು ಗಾಳಿಯಲ್ಲಿ ಸುತ್ತಿಸಿದರು: ಕೊನೇ ಟ್ರಿಪ್ಪಾ?

ನಾನು ಒಂದು ಬೆರಳೆತ್ತಿದೆ. ಇನ್ನೊಂದು.

ಇವರು ಹಗ್ಗದ ಮೇಲಿನ ಬಟ್ಟೆಗಳನ್ನೆಲ್ಲ ಎಳೆದು ಬುಟ್ಟಿಗೆ ತುಂಬಿಕೊಂಡು ಸಂದಿಗೆ ನುಗ್ಗಿದರು. ನಾನು ಇಳಿಜಾರಿನ ತುದಿಯಲ್ಲಿ ತಿರುಗಿಸಿಕೊಂಡು ಬರುವಾಗ ಸಂದಿಯ ಬಾಯಲ್ಲಿ ನಿಂತು ಎರಡೂ ಮೊಣಕೈ ಉಜ್ಜಿಕೊಳ್ಳುತ್ತಿದ್ದರು.