ಹುಲಿಯಾ ಎಲ್ಲಿ ನಡೆಯಬೇಕು?

ಮಳೆಗಾಲ ಮುಗಿದು ಭಾವಿಕೇರಿಯಲ್ಲಿ ಬೇಲಿ ಕಟ್ಟುವ ಸಮಯ. ತರಕಾರಿ ಗದ್ದೆಗೆ ದನ ನುಗ್ಗಬಾರದೆಂದು ಮಾದಿ ಕಳೆದೆರಡು ವಾರಗಳಿಂದ ರಸ್ತೆ ಬದಿಗೆ ಮುಳ್ಳುಬೇಲಿ ಕಟ್ಟುತ್ತಿದ್ದಳು. ಈ ಊರಿನ ಬೇಲಿಗಳಿಗೆ ಒಂದು ಗುಣವಿದೆ. ಪ್ರತಿ ವರ್ಷ ಹೊಸದಾಗಿ ಕಟ್ಟುವಾಗ ರಸ್ತೆಯ ಕಡೆಗೆ ಚೂರು ಸರಿಯುತ್ತವೆ. ಎಲ್ಲರ ಬೇಲಿಯೂ ಸರಿಯುವುದರಿಂದ ಯಾರೂ ಯಾರಿಗೂ ಏನೂ ಹೇಳುವುದಿಲ್ಲ.

ಹೀಗಿರುವಾಗ ಪಂಚಾಯತಿ ಮೆಂಬರ್ ಗುರುಪ್ರಸಾದ ಟೇಪು ಹಿಡಿದು ಬಂದರೆ ಮಾದಿಯ ಎದೆ ಧಸಕ್ಕೆನ್ನದೆ ಇರುತ್ತದೆಯೇ?

"ಎಂತಕ್ಕೆ ಅಳೆಯೂದು ತಮ್ಮಾ?"

"ಆಶಾ ಕಾರ್ಯಕರ್ತೆ ಜಯಂತಿ ಬೆನ್ನು ಬಿಡೂದಿಲ್ಲ ಅಕ್ಕಾ. ಜನಕ್ಕೆ ನಡೆಯೂಕೆ ರಸ್ತೆ ಬದಿಗೆ ದಾರಿ ಬೇಕಂತೆ. ಈಗ ಯಾರು ನಡೀತ್ರು? ಎಲ್ಲರ ಮನೇಲೂ ಬೈಕ್ ಅದೆ."

ಮಾದಿಯ ಸಂಶಯ ಇನ್ನೂ ಬಲವಾಯಿತು. ತನಗೇ ಬೇಡದ ದಾರಿಗೆ ಇವನು ಟೇಪು ಹಿಡಿಯುತ್ತಾನೆಯೇ? ಹೈವೇ ಅಗಲ ಮಾಡಲು ಜನರ ಜಾಗ ತೆಗೆದುಕೊಂಡಾಗಲೂ ಮೊದಲು ಬಂದದ್ದು ಟೇಪೇ.

ಸಂಜೆ ಜಯಂತಿ ಮನೆಗೆ ಬಂದಳು. ಮಾದಿಯ ಗಂಡ ಹುಲಿಯಾನಿಗೆ ಸಕ್ಕರೆ ಕಾಯಿಲೆ. ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಅವನು ಮಾತ್ರ ನಾಲ್ಕು ದಿನಗಳಿಂದ ಜಗಲಿ ಬಿಟ್ಟು ಏಳುತ್ತಿರಲಿಲ್ಲ.

"ಬಂದ್ಯಾ ಮಾರಾಯ್ತಿ? ನಮ್ಮ ಜಾಗ ನುಂಗೂಕೆ ನೀನೂ ಅವರ ಜೊತೆ ಸೇರಿದ್ಯಾ?" ಎಂದಳು ಮಾದಿ.

ಜಯಂತಿಯ ಕಣ್ಣು ಹುಲಿಯಾನ ಕಾಲಿನ ಮೇಲಿತ್ತು. ಮೊಣಕಾಲ ಕೆಳಗೆ ಗಾಯ ಕೆಂಪಾಗಿ ಬಾತುಕೊಂಡಿತ್ತು.

"ಇದು ಎಂತದು ಹುಲಿಯಣ್ಣಾ?"

"ಗದ್ದೇಲಿ ಕತ್ತಿ ತಾಗ್ತಂತೆ," ಮಾದಿಯೇ ಹೇಳಿದಳು.

"ಕತ್ತಿ ಅಲ್ಲ," ಹುಲಿಯಾ ತಲೆ ತಗ್ಗಿಸಿದ. "ಡಾಕ್ಟ್ರು ಹೇಳಿದ್ರಲ್ಲಾ ಅಂತ ನಡೂಕೆ ಹೋಗಿದ್ದೆ. ಮೈಮೇಲೇ ಬಂದ ಹಾಗೆ ಲಾರಿ ಬಂತು. ಬದಿಗೆ ಸರಿದೆ. ಬೇಲಿ ಮೇಲೆ ಬಿದ್ದೆ."

"ಯಾರ ಬೇಲಿ?" ಮಾದಿ ಕೇಳಿದಳು.

"ನಮ್ದೇ."

ಮಾದಿ ಅವನ ಕಾಲ ಬಳಿ ಕುಳಿತು ಗಾಯ ನೋಡಿದಳು.

"ಸಕ್ಕರೆ ಇದ್ದವರ ಗಾಯ ಬೇಗ ಒಣಗೂದಿಲ್ಲ ಅಕ್ಕಾ," ಜಯಂತಿ ಹೇಳಿದಳು. "ಬಿಟ್ರೆ ಕಾಲೇ ಹೋಗ್ಬಹುದು. ನಾಳೆ ಬೆಳಿಗ್ಗೇನೇ ಆಸ್ಪತ್ರೆಗೆ ಹೋಗ್ವಾ. ಗಾಯ ಗುಣ ಆದ್ಮೇಲೆ ನಡೀಲೇಬೇಕು. ಆದ್ರೆ ಎಲ್ಲಿ ನಡೂದು? ಅದ್ಕೇ ದಾರಿ ಕೇಳಿದ್ದು. ನಾ ಒಬ್ಳೇ ಕೇಳಿದ್ರೆ ಮೆಂಬರ್ರು ನಗಾಡ್ತ್ರು. ರಸ್ತೆ ಅಗಲ ಮಾಡಿ ಅಂತ ಕೇಳೂಕೆ ಎಲ್ಲರೂ ಬತ್ರು. ನಡೂಕೆ ಜಾಗ ಕೊಡಿ ಅಂತ ಯಾರೂ ಕೇಳೂದಿಲ್ಲ. ಯಾರಿಗೂ ಬೇಡ ಅಂತ ಅವರು ತಿಳ್ಕಂಡಾರೆ."

ಆಸ್ಪತ್ರೆಯಿಂದ ಬಂದ ಮೇಲೆ ಮಾದಿ ತಾನೇ ಬೇಲಿ ಕಿತ್ತು ಹಿಂದಕ್ಕೆ ಕಟ್ಟಿದಳು. ಗುರುಪ್ರಸಾದನ ಮೇಲಿನ ಸಂಶಯವನ್ನು ಮಾತ್ರ ಕೀಳಲಿಲ್ಲ. ಅದನ್ನು ಹೊತ್ತುಕೊಂಡೇ ಗ್ರಾಮಸಭೆಗೆ ಹೋದಳು.

"ನಡೆಯುವ ದಾರಿ ಯಾರಿಗೆ ಬೇಕು ಹೇಳಿ?" ಗುರುಪ್ರಸಾದ ನಗುತ್ತ ಕೇಳಿದ.

"ನಂಗೆ ಬೇಕು," ಮಾದಿ ಎದ್ದು ನಿಂತಳು. "ಬೈಕಿಗಲ್ಲ, ಕಾಲಿಗೆ. ನನ್ನ ಬೇಲಿ ಹಿಂದೆ ಹೋಯ್ತು. ನಿನ್ನ ಮನೆ ಪಾಗಾರದ ಗೋಡೆ ಎಷ್ಟು ಮುಂದೆ ಬಂದದೆ ತಮ್ಮಾ? ಅದ್ಕೇ ನಿಂಗೆ ದಾರಿ ಬೇಡವಾ?"

ಸಭೆಯಲ್ಲಿ ನಗೆ ಎದ್ದಿತು. ಹಿಂದಿನಿಂದ ನೆರೆಮನೆಯ ವೀಣಾ ಎದ್ದಳು, "ನನ್ನ ಅತ್ತೆಗೂ ಬೇಕು." ಆಮೇಲೆ ಅದೇ ಕೇರಿಯ ಉಮೇಶ ಎದ್ದ, "ನಮ್ಮ ಮಕ್ಕಳು ಶಾಲೆಗೆ ಹೋಗೂಕೆ ಬೇಕು." ಗುರುಪ್ರಸಾದ ಬೆವರು ಒರೆಸಿಕೊಂಡ. "ಇಷ್ಟು ಜನಕ್ಕೆ ಬೇಕು ಅಂತ ನಂಗೆ ಗೊತ್ತಿರ್ಲಿಲ್ಲ," ಎಂದು ಒಪ್ಪಿಕೊಂಡ. ನಡೆಯಲು ದಾರಿ ಬಿಡಬೇಕೆಂದು ಠರಾವು ಆಯಿತು. ಅದನ್ನು ಗಟ್ಟಿಯಾಗಿ ಓದಿಸಿಕೊಂಡ ಮೇಲೆಯೇ ಮಾದಿ ಕುಳಿತಳು.

ಈಗ ಹುಲಿಯಾನ ಗಾಯ ಒಣಗಿದೆ. ಬೇಲಿ ಹಿಂದೆ ಹೋದ ಜಾಗದಲ್ಲಿ ಗಂಡ ಹೆಂಡತಿ ಸಂಜೆ ನಡೆಯುತ್ತಾರೆ. ದಾರಿ ಇನ್ನೂ ಗುರುಪ್ರಸಾದನ ಪಾಗಾರದ ತನಕ ಮಾತ್ರ. ಅಲ್ಲಿ ನಿಂತು ಮಾದಿ ದಿನಾ ಕೂಗುತ್ತಾಳೆ, "ತಮ್ಮಾ, ನಾವು ಇಲ್ಲೀವರೆಗೆ ಬಂದ್ವು. ನೀ ಯಾವಾಗ ಹಿಂದೆ ಹೋಗ್ತೆ?"

ಓದುವ ಅಕ್ಕ-ಅಣ್ಣಂದಿರೇ, ನಿಮ್ಮ ಬೇಲಿಯನ್ನೂ ಒಮ್ಮೆ ನೋಡಿಕೊಳ್ಳಿ. ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ಸಂಶಯವಿದ್ದರೆ ಅದನ್ನೂ ಕರೆದುಕೊಂಡೇ ಹೋಗಿ, ಎದ್ದು ನಿಂತು ಕೇಳಿ: ನಮ್ಮ ಮನೆಯವರು ಎಲ್ಲಿ ನಡೆಯಬೇಕು?